ತೆಂಗಿನಕಾಯಿ ತೋರಿಸಿದ ಪಾಯಿಂಟನ್ನು ಪರೀಕ್ಷಿಸುವ ಬಗೆ

ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯ ರೈತರು ಬೋರ್‌ವೆಲ್ ಕೊರೆಸುವ ಮುನ್ನ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರಿಂದ ಪಾಯಿಂಟ್ ಮಾಡಿಸುವುದುಂಟು, ಅಂದರೆ ಕೊರೆಯುವ ಜಾಗ ಗುರುತು ಮಾಡಿಸುವುದುಂಟು. ಕಾಯಿ ಎದ್ದು ನಿಂತಲ್ಲಿ ನೀರಿದೆ ಎಂಬ ಮಾತನ್ನು ನಂಬಬೇಕೋ ಬೇಡವೋ ಎಂದು ಕಟ್ಟೆಯ ಮೇಲೆ ವಾದ ಮಾಡುವುದಕ್ಕಿಂತ, ಸಾಲದ ಹಣ ನೆಲಕ್ಕಿಳಿಯುವ ಮೊದಲೇ ಪರೀಕ್ಷಿಸಿ ನೋಡುವುದು ಮೇಲು. ಅದಕ್ಕೆ ಪ್ರಯೋಗಾಲಯ ಬೇಕಿಲ್ಲ. ಒಂದು ಟೇಪು, ಒಂದು ಟವೆಲು, ಮೂರ್ನಾಲ್ಕು ಜನ ಸಾಕು.

ಯಾವುದು ಗೆಲುವು, ಯಾವುದು ಸೋಲು ಎಂಬುದನ್ನು ಮೊದಲೇ ಬರೆದಿಡಬೇಕು. ವಿಜ್ಞಾನದ ತಿರುಳು ಇರುವುದು ಇಲ್ಲಿಯೇ. ಆ ದಿನ, ಆ ಹೊಲ ತಮಗೆ ಒಪ್ಪಿಗೆಯೇ ಎಂದು ಪಾಯಿಂಟ್ ಮಾಡುವವರನ್ನೇ ಕೇಳಿಕೊಳ್ಳಿ. ಆಗ ನೆಪಗಳಿಗೆ ಎಡೆಯಿರುವುದಿಲ್ಲ. ಅವರು ಕಣ್ಣು ಬಿಟ್ಟುಕೊಂಡು ಒಂದೆಕರೆಯಲ್ಲಿ ಐದು ಜಾಗ ಗುರುತಿಸಲಿ. ನೆಲದ ಮೇಲೆ ಕಲ್ಲು, ಗೂಟ ಇಡದೆ, ಬದುವಿನ ಎರಡು ಮೂಲೆಗಳಿಂದ ದೂರ ಅಳೆದು ಬರೆದುಕೊಳ್ಳಿ. ಆಮೇಲೆ ಕಣ್ಣಿಗೆ ಟವೆಲು ಕಟ್ಟಿ, ನಾಲ್ಕು ಸುತ್ತು ತಿರುಗಿಸಿ, ಹೊಲದ ಇನ್ನೊಂದು ತುದಿಯಿಂದ ಮತ್ತೆ ಐದು ಜಾಗ ಗುರುತಿಸಲು ಹೇಳಿ. ಕೈಹಿಡಿದು ನಡೆಸುವವರಿಗೆ ಹಳೆಯ ಜಾಗಗಳು ಗೊತ್ತಿರಲೇಬಾರದು, ಏಕೆಂದರೆ ಗೊತ್ತಿರುವವರ ಕೈ ತಾನೇ ಸುಳಿವು ಕೊಡುತ್ತದೆ. ಮೈಮರೆತ ಕೈ ಹೀಗೆ ಕೆಲಸ ಮಾಡುವುದನ್ನು ವಿಜ್ಞಾನಿ ಮೈಕೇಲ್ ಫ್ಯಾರಡೆ 1853ರಲ್ಲೇ, ದೆವ್ವ ತಿರುಗಿಸುತ್ತದೆ ಎನ್ನಲಾಗುತ್ತಿದ್ದ ಮೇಜುಗಳ ಮೇಲೆ ಕೈಯಿಟ್ಟು ಕೂತವರಲ್ಲಿ ತೋರಿಸಿದ್ದರು. ಹಾಗಾಗಿ ಕಾಯಿ ಹಿಡಿದವರು ಮೋಸಗಾರರೆಂದು ಹೇಳಬೇಕಾಗಿಲ್ಲ.

ಹೊಸ ಗುರುತು ಹಳೆಯದರ ಹತ್ತು ಅಡಿಯೊಳಗೆ ಬಿದ್ದರೆ ಸರಿಯೆಂದು ಒಪ್ಪೋಣ. ಎಕರೆ ಎಂದರೆ 43,560 ಚದರ ಅಡಿ. ಹತ್ತು ಅಡಿ ತ್ರಿಜ್ಯದ ಐದು ವೃತ್ತಗಳು ಆವರಿಸುವುದು ಸುಮಾರು 1,570 ಚದರ ಅಡಿ. ಯಾರೇ ಸುಮ್ಮನೆ ಐದು ಕಡೆ ಕಲ್ಲೆಸೆದರೂ ಸುಮಾರು ಆರು ಸಲಕ್ಕೊಮ್ಮೆ ಒಂದಾದರೂ ಕಲ್ಲು ಒಳಗೆ ಬೀಳುತ್ತದೆ. ಆದ್ದರಿಂದ ಒಂದು ಹೊಂದಿಕೆಗೆ ಬೆಲೆಯಿಲ್ಲ. ಐದರಲ್ಲಿ ಮೂರಾದರೂ ಹೊಂದಬೇಕು, ಮತ್ತೊಂದು ದಿನವೂ ಹೊಂದಬೇಕು.

ಈ 'ಮತ್ತೊಂದು ದಿನ' ಮುಖ್ಯ. ಜರ್ಮನಿಯ ಮ್ಯೂನಿಕ್ ಬಳಿ 1987–88ರಲ್ಲಿ, ಕಣಜದ ಕೆಳ ಅಂತಸ್ತಿನಲ್ಲಿ ನೀರಿನ ಪೈಪನ್ನು ಅತ್ತಿತ್ತ ಸರಿಸಿ, ನೀರು ಹುಡುಕುವವರಿಂದ ಮೇಲಿನ ಅಂತಸ್ತಿನಲ್ಲಿ ಅದರ ಜಾಗ ಹೇಳಿಸಿದರು. ಕೆಲವರಿಗೆ ಶಕ್ತಿಯಿದೆ ಎಂದು ಪರೀಕ್ಷೆ ನಡೆಸಿದವರು ಸಾರಿದರು. 1999ರಲ್ಲಿ ಅಮೆರಿಕದ ವಿಜ್ಞಾನಿ ಜಿಮ್ ಎನ್‌ರೈಟ್ ಅದೇ ಅಂಕಿಗಳನ್ನು ಮರುಪರಿಶೀಲಿಸಿ, ಒಮ್ಮೆ ಗೆದ್ದವರು ಮುಂದಿನ ಸರಣಿಯಲ್ಲಿ ಗೆದ್ದಿಲ್ಲವೆಂದು ತೋರಿಸಿದರು. ಅಂಕಿಗಳನ್ನು ಬಚ್ಚಿಟ್ಟಿರಲಿಲ್ಲವಾದ್ದರಿಂದಲೇ ಅದು ಸಾಧ್ಯವಾಯಿತು.

ಈ ಪರೀಕ್ಷೆಯಲ್ಲಿ ಗೆದ್ದರೂ ನೀರು ಸಿಗುತ್ತದೆಂದು ಖಾತ್ರಿಯಿಲ್ಲ. ನಮ್ಮ ಗಟ್ಟಿ ಬಂಡೆಯ ನೆಲದಲ್ಲಿ ನೀರು ನಿಲ್ಲುವುದು ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ. ಒಳ್ಳೆಯ ಮಳೆಯ ವರ್ಷ ಯಾರು ತೋರಿಸಿದಲ್ಲೂ ಅಷ್ಟಿಷ್ಟು ನೀರು ಬಂದೀತು. ಹಾಗಾಗಿ ಊರಿನಲ್ಲಿ ಒಂದು ಪುಸ್ತಕವಿಟ್ಟು, ಕೊರೆಸಿದ ವರ್ಷ, ಆಳ, ಎಷ್ಟು ಇಂಚು ನೀರು, ಪಾಯಿಂಟ್ ಯಾರದು ಎಂಬುದನ್ನು ಫೇಲ್ ಆದ ಬೋರ್‌ಗಳನ್ನೂ ಬಿಡದೆ ಬರೆಯಬೇಕು. ಯಂತ್ರ ತಂದು ನೆಲದ ವಿದ್ಯುತ್ ರೋಧವನ್ನು ಅಳೆಯುವ ಭೂವಿಜ್ಞಾನಿಗಳ ಪಾಯಿಂಟುಗಳೂ ಅದೇ ಪುಸ್ತಕದಲ್ಲಿ, ಅದೇ ಲೆಕ್ಕದಲ್ಲಿ ಬರಲಿ.