‘ಕಟ್ ಮಾಡು’ ಬಿಟ್ಟು ‘ಹೆಚ್ಚು’ ಅಂದಾಗ

ಕ್ಯಾಲಿಫೋರ್ನಿಯಾದಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಡೇಕೇರ್‌ ಶುರುವಾದ ಕೆಲವೇ ತಿಂಗಳಲ್ಲಿ ಇಂಗ್ಲಿಷ್ ಮೊದಲನೆಯದಾಗಿ, ಕನ್ನಡ ಎರಡನೆಯದಾಗಿಬಿಡುತ್ತದೆ. ಮನೆಯಲ್ಲಿ ಕನ್ನಡವನ್ನೇ ಆಡುತ್ತೇವಲ್ಲ ಅನ್ನುವವರು ಒಂದು ಸಂಜೆಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಬೇಕು. ‘ಹ್ಯಾಂಡ್ ವಾಶ್ ಮಾಡು’, ‘ಡೋರ್ ಓಪನ್ ಮಾಡು’, ‘ಆ್ಯಪಲ್ ಕಟ್ ಮಾಡ್ಲಾ?’ ಇದರಲ್ಲಿ ಮಗುವಿಗೆ ಸಿಗುವ ಕ್ರಿಯಾಪದ ‘ಮಾಡು’ ಒಂದೇ. ನಾನು ಕೈಹಾಕಿದ್ದು ಅಲ್ಲಿಗೆ. ಸ್ಪೂನು, ಫ್ರಿಜ್ಜು, ಶೂಸು ಹಾಗೇ ಇದ್ದವು, ಅವುಗಳ ಮೇಲೆ ಜಗಳ ಬೇಡ.

ವಾರಕ್ಕೆ ನಾಲ್ಕು ಕ್ರಿಯಾಪದ, ಅಷ್ಟೇ. ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿ ಮಕ್ಕಳಿಗಲ್ಲ, ನಮಗೆ. ಕೈ ತೊಳೆ, ಬಟ್ಟೆ ಒಗೆ, ಹಲ್ಲು ಉಜ್ಜು. ಬಾಗಿಲು ತೆಗೆ, ಗಂಟು ಬಿಚ್ಚು, ಬಾಳೆಹಣ್ಣು ಸುಲಿ. ತರಕಾರಿ ಹೆಚ್ಚು, ಕಾಗದ ಕತ್ತರಿಸು. ಕೈ ಕೆಲಸ ಮಾಡುತ್ತಿರುವಾಗ ಅರ್ಥ ಹೇಳಿಕೊಡುವ ಗೋಜೇ ಇಲ್ಲ.

ಮೂರು ವರ್ಷದ ಮಗುವಿಗೆ ಹಸಿ ಬಟಾಣಿ ಬಿಡಿಸುವಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಕಾಲು ಕೆಜಿ ಕಾಯಿ, ಎರಡು ಬಟ್ಟಲು, ಹದಿನೈದು ನಿಮಿಷ. ‘ಕಾಯಿ ತಗೋ. ನಾರು ಎಳಿ. ಒತ್ತು, ಇನ್ನೂ ಜೋರಾಗಿ. ಕಾಳು ಬಟ್ಟಲಿಗೆ ಹಾಕು. ಅಯ್ಯೋ ಉರುಳ್ತು, ಹಿಡ್ಕೋ!’ ಅದೇ ಐದಾರು ವಾಕ್ಯ ಮೂವತ್ತು ಸಲ ಬಂದರೂ ಬೇಜಾರಾಗದು. ಮೂರನೆಯ ದಿನದಿಂದ ವಾಕ್ಯವನ್ನು ಅರ್ಧಕ್ಕೆ ಬಿಡಬೇಕು: ‘ಕಾಳು ಬಟ್ಟಲಿಗೆ…’ ಮನಸ್ಸಿನಲ್ಲೇ ಐದು ಎಣಿಸುವ ತನಕ ಬಾಯಿ ಮುಚ್ಚಿಕೊಂಡಿರಬೇಕು. ದೊಡ್ಡವರಿಗೆ ಕಷ್ಟವಾಗುವುದು ಇದೇ. ಎರಡು ಎಣಿಸುವುದರೊಳಗೆ ನಾವೇ ಹೇಳಿಬಿಡುತ್ತೇವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ನಾವು ಬಿಟ್ಟ ಜಾಗವನ್ನು ಮಗು ಅದರಿಂದಲೇ ತುಂಬಬೇಕಾಗುತ್ತದೆ.

‘ಇದಕ್ಕೆ ಕನ್ನಡದಲ್ಲಿ ಏನಂತಾರೆ ಹೇಳು’ ಎಂದರೆ ಕೆಟ್ಟಿತು. ಆಟ ಪರೀಕ್ಷೆಯಾಗಿ ಮಗು ಮೌನಕ್ಕೆ ಹೋಗುತ್ತದೆ. ನೆಂಟರ ಮುಂದೆ ಕೇಳಿದರಂತೂ ಮುಗಿದೇ ಹೋಯಿತು. ಮಗು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾವು ಕನ್ನಡದಲ್ಲಿ ಹೇಳಿ ಮುಂದೆ ಹೋದರೆ ಸಾಕು. ‘ನಾನು ಹಸಿವು’ ಅಂದರೂ ತಿದ್ದದೆ ‘ನಿಂಗೆ ಹಸಿವಾಯ್ತಾ? ನಂಗೂ ಹಸಿವು’ ಅನ್ನುವುದು. ಈ ತಪ್ಪು ತಿಂಗಳುಗಟ್ಟಲೆ ಉಳಿಯುತ್ತದೆ, ಗಾಬರಿ ಬೇಡ.

ಇಲ್ಲ, ಅಲ್ಲ, ಬೇಡ ಮೂರಕ್ಕೂ ಇಂಗ್ಲಿಷಿನಲ್ಲಿ ‘ನೋ’ ಸಾಕಾಗುವುದರಿಂದ ಎಲ್ಲದಕ್ಕೂ ‘ಇಲ್ಲ’ ಬರುತ್ತದೆ. ಇದಕ್ಕೆ ಬೇಕೆಂದೇ ತಪ್ಪು ಹೇಳುವ ಆಟ. ನಾಯಿ ತೋರಿಸಿ ‘ಇದು ಬೆಕ್ಕು’ (ಅಲ್ಲ!), ಖಾಲಿ ಲೋಟ ತೋರಿಸಿ ‘ಹಾಲಿದೆಯಾ?’ (ಇಲ್ಲ!), ಹಾಗಲಕಾಯಿ ಹಿಡಿದು ‘ತಿಂತೀಯಾ?’ (ಬೇಡ, ಬೇಡ!).

ಅಜ್ಜಿಯ ವಿಡಿಯೊ ಕಾಲ್ ‘ಊಟ ಆಯ್ತಾ?’ ‘ಆಯ್ತು’ ಅನ್ನುವುದರಲ್ಲೇ ಮುಗಿಯುತ್ತದೆ. ಇಲ್ಲಿ ಬೇಸಿಗೆಯ ಸಂಜೆ 7 ಎಂದರೆ ಊರಿನಲ್ಲಿ ಮರುದಿನ ಬೆಳಿಗ್ಗೆ 7.30, ಅಜ್ಜಿ ಹೂ ಕಟ್ಟುವಾಗಲೋ ಹುರುಳಿಕಾಯಿ ಹೆಚ್ಚುವಾಗಲೋ ಫೋನನ್ನು ಎದುರಿಗಿಟ್ಟುಕೊಂಡರೆ ಮಾತು ತಾನಾಗಿ ಹುಟ್ಟುತ್ತದೆ.

ಅಕ್ಷರ ಕಲಿಸುವುದು ಮಗುವಿಗೆ ಐದು ವರ್ಷ ತುಂಬಿದ ಮೇಲೆ, ದಿನಕ್ಕೆ ಹತ್ತು ನಿಮಿಷ. ಅ, ಆ, ಇ, ಈ ಎಂದು 49 ಅಕ್ಷರ ಮುಗಿಸುವ ತನಕ ಕಾದರೆ ಓದುವ ಖುಷಿ ಬರುವುದೇ ಇಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳ ‘ನಲಿಕಲಿ’ ಪದ್ಧತಿಯಲ್ಲಿರುವಂತೆ ರ, ಗ, ಸ, ದ, ಅ ಇಂದ ಹೊರಟರೆ ಸರ, ಅರಸ, ಗರಗಸ ಕೂಡಲೇ ಓದಬಹುದು. ‘ಳ’ ಮಾತ್ರ ಹಠಮಾರಿ. ಅದನ್ನು ಅಕ್ಷರ ತೋರಿಸಿ ಕಲಿಸಲು ಹೋಗಬೇಡಿ. ಊಟಕ್ಕೆ ಕೂತಾಗ ‘ಅನ್ನಕ್ಕೆ ಹುಲಿ ಹಾಕ್ಲಾ, ಹುಳಿ ಹಾಕ್ಲಾ?’ ಎಂದು ಕೇಳಿ, ಸರಿಯಾದದ್ದು ಬರುವ ತನಕ ಸೌಟು ಎತ್ತಿ ಹಿಡಿದಿರಿ.