ಹೊಟ್ಟೆ ಕ್ಯಾನ್ಸರ್: ರಕ್ತದ ವರದಿ ಓದುವ ಕ್ರಮ

ಎಂಡೋಸ್ಕೋಪಿ ಮಾಡಿಸಿ ಬಯಾಪ್ಸಿಯಲ್ಲಿ ಜಠರದ ಕ್ಯಾನ್ಸರ್ ಖಚಿತವಾದ ಮೇಲೆ ಮಾಡುವ ಲೆಕ್ಕ ಇದು. ರೋಗ ಇದೆಯೋ ಇಲ್ಲವೋ ಎಂಬುದು ಇದರಿಂದ ತಿಳಿಯದು. ಆಪರೇಷನ್, ಕಿಮೋ ತಾಳಿಕೊಳ್ಳುವ ಕಸುವು ದೇಹದಲ್ಲಿ ಎಷ್ಟಿದೆ ಎಂಬ ಸುಳಿವು ಸಿಗುತ್ತದೆ.

ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಸೀರಮ್ ಆಲ್ಬುಮಿನ್ (ರಕ್ತದಲ್ಲಿನ ಒಂದು ಪ್ರೋಟೀನ್) ಸಾಕು. ಕಾರವಾರ, ಶಿರಸಿಯಲ್ಲೇ ಆಗುತ್ತವೆ. ಎರಡಕ್ಕೂ ಒಂದೇ ದಿನ ರಕ್ತ ಕೊಡಿ.

ನ್ಯೂಟ್ರೋಫಿಲ್, ಲಿಂಫೋಸೈಟ್ ಎಂದರೆ ಬಿಳಿ ರಕ್ತಕಣದ ಎರಡು ಬಗೆ. ಮೊದಲು ನ್ಯೂಟ್ರೋಫಿಲ್ ಶೇಕಡಾವನ್ನು ಲಿಂಫೋಸೈಟ್ ಶೇಕಡಾದಿಂದ ಭಾಗಿಸಿ. 72 ಮತ್ತು 18 ಇದ್ದರೆ ಅನುಪಾತ 4. ಇದು ಏರಿದಷ್ಟೂ ಉರಿಯೂತ ಹೆಚ್ಚು, ಗುಣವಾಗುವ ಸಾಧ್ಯತೆ ಕಮ್ಮಿ. ಆದರೆ ಎಲ್ಲರೂ ಒಪ್ಪಿದ ಗಡಿ ಇಲ್ಲ. ಅಧ್ಯಯನಗಳು 2ರಿಂದ 5ರವರೆಗೆ ಬೇರೆ ಬೇರೆ ಗೆರೆ ಎಳೆದಿವೆ.

ಪೋಷಣೆಯ ಸೂಚ್ಯಂಕಕ್ಕೆ ಆಲ್ಬುಮಿನ್ನನ್ನು (ಡೆಸಿಲೀಟರಿಗೆ ಗ್ರಾಂ) 10ರಿಂದ ಗುಣಿಸಿ, ಲಿಂಫೋಸೈಟುಗಳ ಒಟ್ಟು ಸಂಖ್ಯೆಯ 0.005 ಪಾಲು ಕೂಡಿಸಿ. ಮೈಕ್ರೋಲೀಟರಿಗೆ ಬಿಳಿ ರಕ್ತಕಣ 8,000, ಅದರಲ್ಲಿ ಲಿಂಫೋಸೈಟ್ ಶೇ. 18 ಎಂದರೆ 1,440. ಆಲ್ಬುಮಿನ್ 3.4 ಇದ್ದರೆ 34 + 7.2 = 41.2. ಜಪಾನಿನ ಓನೊಡೆರಾ ತಂಡ 1984ರಲ್ಲಿ ಕೊಟ್ಟ ಸೂತ್ರವಿದು. ಜಠರ, ಕರುಳು ಕತ್ತರಿಸಿ ಜೋಡಿಸುವ ಆಪರೇಷನ್ 40ರಿಂದ 45ರ ನಡುವೆ ಅಪಾಯ, 40ಕ್ಕಿಂತ ಕೆಳಗಿದ್ದರೆ ಮಾಡದಿರುವುದೇ ಒಳ್ಳೆಯದು ಎಂದಿತ್ತು. 45ರ ಕೆಳಗೆ ಬಂದರೆ ಆಪರೇಷನ್‌ಗೆ ಮೊದಲೇ ಡಯಟಿಷಿಯನ್ ಹತ್ತಿರ ಹೋಗಿ. ಈ ಲೆಕ್ಕದ ನಿಜವಾದ ಉಪಯೋಗ ಇಲ್ಲೇ ಇರುವುದು.

ರಕ್ತ ಕೊಡುವ ಹೊತ್ತು ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಕಿಮೋ ದಿನ ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸುತ್ತದೆ. ಬಿಳಿಕಣ ಹೆಚ್ಚಿಸುವ ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದೂ ನ್ಯೂಟ್ರೋಫಿಲ್ ಏರಿಸುತ್ತದೆ. ಮಳೆಗಾಲದಲ್ಲಿ ಗದ್ದೆಗಿಳಿದವರಿಗೆ ಬರುವ ಇಲಿಜ್ವರ ಅನುಪಾತವನ್ನು ಮೇಲಕ್ಕೆಳೆಯುತ್ತದೆ. ಸಿದ್ದಾಪುರ, ಶಿರಸಿ ಕಡೆಯ ಮಂಗನಕಾಯಿಲೆಯಲ್ಲಿ ಬಿಳಿಕಣ, ಪ್ಲೇಟ್‌ಲೆಟ್ ಎರಡೂ ಕುಸಿಯುತ್ತವೆ. ಜ್ವರವಿದ್ದರೆ ಪೂರ್ತಿ ವಾಸಿಯಾಗಲಿ, ಆಮೇಲೆ ಪರೀಕ್ಷೆ. ಹೊಟ್ಟೆಯ ಹುಣ್ಣಿನಿಂದ ರಕ್ತ ಸೋರಿ ಕಬ್ಬಿಣಾಂಶ ಕಮ್ಮಿಯಾದಾಗ ಪ್ಲೇಟ್‌ಲೆಟ್ ಏರುವುದುಂಟು. ಅದೊಂದನ್ನೇ ನೋಡಿ ಗಾಬರಿಯಾಗಬೇಡಿ.

ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಸಿಇಎ, ಸಿಎ 19-9 ಎಂಬ ಗುರುತು ವಸ್ತುಗಳ ಪರೀಕ್ಷೆ ಮಾಡಿಸುವುದಾದರೆ ಚಿಕಿತ್ಸೆಗೆ ಮೊದಲೊಮ್ಮೆ, ನಂತರ ಡಾಕ್ಟರು ಹೇಳಿದಾಗ, ಪ್ರತಿ ಸಲವೂ ಅದೇ ಲ್ಯಾಬಿನಲ್ಲಿ. ಕಾರವಾರದ ಅಂಕಿಯನ್ನು ಮಣಿಪಾಲದ ಅಂಕಿಯೊಂದಿಗೆ ಹೋಲಿಸಬೇಡಿ, ಪರೀಕ್ಷೆಯ ಕಿಟ್ ಬದಲಾದರೆ ಅಂಕಿಯೂ ಬದಲು. ಬೀಡಿ ಸೇದುವವರಲ್ಲಿ ಸಿಇಎ ತುಸು ಹೆಚ್ಚಿರುತ್ತದೆ. ಕಾಮಾಲೆಯಲ್ಲಿ ಸಿಎ 19-9 ಜಿಗಿಯುತ್ತದೆ. ಕೆಲವರ ದೇಹದಲ್ಲಿ ಅದು ಹುಟ್ಟಿನಿಂದಲೇ ತಯಾರಾಗುವುದಿಲ್ಲ, ಅವರ ವರದಿ ಸದಾ ನಾರ್ಮಲ್. ಹಾಗಾಗಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೊರಡುವಾಗ ಹಳೆಯ ವರದಿಗಳೆಲ್ಲ ತಾರೀಖಿನ ಕ್ರಮದಲ್ಲಿ ಫೈಲಿನಲ್ಲಿರಲಿ. ಆಗಿದ್ದ ಜ್ವರ, ತೆಗೆದುಕೊಂಡ ಮದ್ದನ್ನು ಆಯಾ ವರದಿಯ ಮೂಲೆಯಲ್ಲೇ ಪೆನ್ನಿನಲ್ಲಿ ಬರೆದಿಡಿ.