ಚೊಚ್ಚಲು ಬಸುರಿಯಾಗಿ ತಾಯಿ-ಮಗು ಮೇಳಕ್ಕೆ ಹೋದ ನನ್ನ ಅನುಭವ

ಹಾಸನದ ಬಿ.ಎಂ. ರಸ್ತೆಯ ಕಲ್ಯಾಣ ಮಂಟಪವೊಂದರಲ್ಲಿ ಗರ್ಭಿಣಿಯರಿಗೂ ಎಳೆಮಕ್ಕಳಿಗೂ ಸಂಬಂಧಿಸಿದ ಎಕ್ಸ್‌ಪೋ ನಡೆಯಲಿದೆ ಎಂದು ತಿಳಿದಾಗ ನನಗೆ ಆರು ತಿಂಗಳು ತುಂಬಿತ್ತು. ಪದವಿಪೂರ್ವ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ನನಗೆ ‘ಈ ದಿನಕ್ಕೆ ಮಾತ್ರ ರಿಯಾಯಿತಿ’ ಎಂಬ ಫಲಕಗಳ ಬಗ್ಗೆ ಸಹಜವಾಗಿಯೇ ಅನುಮಾನ. ಆದರೂ ಹೆರಿಗೆ ಆಸ್ಪತ್ರೆಗಳವರು, ಮಕ್ಕಳ ಸಾಮಾನಿನ ವ್ಯಾಪಾರಿಗಳು, ವಿಮೆಯವರು, ಆರೋಗ್ಯ ಇಲಾಖೆಯವರು ಒಂದೇ ಸೂರಿನಡಿ ಸಿಗುವುದು ನಮ್ಮ ಊರಿನಲ್ಲಿ ಅಪರೂಪವಾದ್ದರಿಂದ ಹೋಗಿ ನೋಡುವುದೇ ಸರಿ ಎನಿಸಿತು.

ಅತ್ತೆಯವರಿಗೆ ಇದು ಇಷ್ಟವಿರಲಿಲ್ಲ. ಸೀಮಂತವೂ ಆಗಿಲ್ಲ, “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋಕೆ ಹೊರಟ್ರಲ್ಲ” ಎಂದರು. ಮಗುವಿನ ಹೆಸರಿನಲ್ಲಿ ಏನನ್ನೂ ಕೊಳ್ಳುವುದಿಲ್ಲ, ಯಾವುದಕ್ಕೂ ಮುಂಗಡ ಕೊಡುವುದಿಲ್ಲ, ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ ಎಂದು ನಾನೂ ನನ್ನ ಪತಿಯೂ ಮಾತು ಕೊಟ್ಟ ಮೇಲೆ ಅವರೂ ಜೊತೆಗೆ ಹೊರಟರು. ಅವರ ನಂಬಿಕೆಗಾಗಿ ಒಪ್ಪಿಕೊಂಡ ಈ ಕಟ್ಟುಪಾಡು ವ್ಯವಹಾರದ ದೃಷ್ಟಿಯಿಂದಲೂ ಅತ್ಯುತ್ತಮವಾದದ್ದೆಂದು ಮಳಿಗೆಗಳ ನಡುವೆ ನಿಂತಾಗ ನಮಗೆ ತಿಳಿಯಿತು. ಕೊಳ್ಳುವ ಉದ್ದೇಶವೇ ಇಲ್ಲದವರಿಗೆ ಪ್ರಶ್ನೆ ಕೇಳಲು ಬೇಕಾದಷ್ಟು ಸಮಯವೂ ಧೈರ್ಯವೂ ಇರುತ್ತದೆ.

ಬಾಗಿಲು ತೆರೆಯುವ ಹೊತ್ತಿಗೇ ಹೋದೆವು. ಮಧ್ಯಾಹ್ನದ ನಂತರ ಧ್ವನಿವರ್ಧಕದ ಗದ್ದಲ, ನೂಕುನುಗ್ಗಲು ಎರಡೂ ಹೆಚ್ಚುತ್ತವೆ, ಆರೇಳು ತಿಂಗಳ ಬಸುರಿ ಅಷ್ಟು ಹೊತ್ತು ನಿಲ್ಲುವುದೂ ಕಷ್ಟ. ಪ್ರವೇಶದ್ವಾರದಲ್ಲಿ ಲಕ್ಕಿ ಡ್ರಾ ಚೀಟಿಯೊಂದನ್ನು ಕೊಟ್ಟು ಹೆಸರು, ಮೊಬೈಲ್ ಸಂಖ್ಯೆ, ಹೆರಿಗೆಯ ನಿರೀಕ್ಷಿತ ದಿನಾಂಕ ಬರೆಯಲು ಹೇಳಿದರು. ಹೆರಿಗೆಯ ದಿನಾಂಕ ಮಾರಾಟಗಾರರಿಗೆ ಎಷ್ಟು ಬೆಲೆಬಾಳುವ ಮಾಹಿತಿ ಎಂಬುದು ಯೋಚಿಸಿದರೆ ಹೊಳೆಯುತ್ತದೆ. ನಾವು ಹೆಸರನ್ನೂ ಪತಿಯ ಹಳೆಯ ಸಂಖ್ಯೆಯನ್ನೂ ಬರೆದು, ದಿನಾಂಕದ ಜಾಗವನ್ನು ಖಾಲಿ ಬಿಟ್ಟೆವು.

ಮೊದಲು ಆಸ್ಪತ್ರೆಗಳ ಮಳಿಗೆಗಳಿಗೆ ಹೋದೆವು. ಎಲ್ಲ ಕಡೆಯೂ ಕೇಳಿದ ಪ್ರಶ್ನೆಗಳು ಒಂದೇ: ರಾತ್ರಿ ಹೊತ್ತು ಮಕ್ಕಳ ತಜ್ಞರು ಆಸ್ಪತ್ರೆಯಲ್ಲೇ ಇರುತ್ತಾರೆಯೇ ಅಥವಾ ಕರೆದ ಮೇಲೆ ಬರುತ್ತಾರೆಯೇ, ಅರಿವಳಿಕೆ ತಜ್ಞರ ವ್ಯವಸ್ಥೆ ಹೇಗೆ, ರಕ್ತ ಬೇಕಾದರೆ ಎಲ್ಲಿಂದ ಎಷ್ಟು ಹೊತ್ತಿನಲ್ಲಿ ಬರುತ್ತದೆ, ಎಳೆಶಿಶುಗಳ ತೀವ್ರ ನಿಗಾ ಘಟಕವಿದೆಯೇ, ಇಲ್ಲದಿದ್ದರೆ ಮಗುವನ್ನು ಎಲ್ಲಿಗೆ ಕಳುಹಿಸುತ್ತೀರಿ, ಹೆರಿಗೆಯ ಕೋಣೆಯೊಳಗೆ ನನ್ನ ಜೊತೆ ಒಬ್ಬರನ್ನು ಬಿಡುತ್ತೀರಾ? ಒಂದು ಆಸ್ಪತ್ರೆಯ ಮಳಿಗೆಯಲ್ಲಿದ್ದ ಯುವಕ ಇವುಗಳಲ್ಲಿ ಒಂದಕ್ಕೂ ಉತ್ತರಿಸದೆ, ಡೀಲಕ್ಸ್ ಕೋಣೆಯ ಚಿತ್ರಗಳನ್ನೂ ಮಗುವಿನ ಫೋಟೋ ತೆಗೆಸಿಕೊಡುವ ಪ್ಯಾಕೇಜನ್ನೂ ವಿವರಿಸುತ್ತ ಹೋದ. ಇನ್ನೊಂದು ಕಡೆ ಕುಳಿತಿದ್ದ ಹಿರಿಯ ನರ್ಸ್ ಒಬ್ಬರು, “ನಮ್ಮಲ್ಲಿ ಆ ಘಟಕ ಇಲ್ಲಮ್ಮ, ತೊಂದರೆಯಾದ ಮಕ್ಕಳನ್ನು ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ಗೆ ಕಳಿಸ್ತೀವಿ, ಜೊತೆಗೆ ಅತ್ತೆನೋ ಅಮ್ಮನೋ ಒಬ್ಬರು ಇರಬಹುದು” ಎಂದು ನೇರವಾಗಿ ಹೇಳಿದರು. ಇಲ್ಲದ್ದನ್ನು ಇಲ್ಲವೆಂದು ಹೇಳಿದ ಆ ಆಸ್ಪತ್ರೆಯ ಹೆಸರಿಗೇ ನಾನು ಪುಸ್ತಕದಲ್ಲಿ ಗೆರೆ ಎಳೆದುಕೊಂಡೆ.

ಎಲ್ಲಕ್ಕಿಂತ ದೊಡ್ಡ ಮಳಿಗೆ ಹೊಕ್ಕುಳಬಳ್ಳಿಯ ರಕ್ತವನ್ನು ಕಾಪಿಡುವ ಖಾಸಗಿ ಕಂಪನಿಯೊಂದರದ್ದು. ಹೆರಿಗೆಯಾದೊಡನೆ ಹೊಕ್ಕುಳಬಳ್ಳಿಯಲ್ಲಿ ಉಳಿಯುವ ರಕ್ತದಲ್ಲಿ ಹೊಸ ರಕ್ತಕಣಗಳನ್ನು ಹುಟ್ಟಿಸಬಲ್ಲ ಮೂಲಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳಿರುತ್ತವೆ, ಅವನ್ನು ಹೆಪ್ಪುಗಟ್ಟಿಸಿಟ್ಟರೆ ಮುಂದೆ ಮಗುವಿಗೆ ಕಾಯಿಲೆ ಬಂದಾಗ ಉಪಯೋಗಕ್ಕೆ ಬರುತ್ತದೆ, ಇದು ಮಗುವಿಗೆ ಮಾಡಿಸುವ ಮೊದಲ ವಿಮೆ ಎಂದು ಪ್ರತಿನಿಧಿ ವಿವರಿಸಿದರು. ನಾನು ಕರಪತ್ರವನ್ನು ಬದಿಗಿಟ್ಟು ಕರಾರುಪತ್ರ ಕೇಳಿದೆ. ಅವರು ತುಸು ಹಿಂಜರಿದರೂ ಕೊಟ್ಟರು, ನಾನು ಅಲ್ಲೇ ಕುರ್ಚಿ ಹಾಕಿಸಿಕೊಂಡು ಓದಿದೆ. ಆರಂಭದ ಶುಲ್ಕದ ಮೇಲೆ ಪ್ರತಿ ವರ್ಷ ಕಟ್ಟಬೇಕಾದ ಶುಲ್ಕ ಬೇರೆ ಇತ್ತು. ಸಂಗ್ರಹಿಸಿದ ರಕ್ತ ಸಾಕಾಗದಿದ್ದರೆ ಅಥವಾ ಕೆಟ್ಟುಹೋದರೆ ಕಂಪನಿಯ ಹೊಣೆ ನಾವು ಕಟ್ಟಿದ ಹಣವನ್ನು ಮರಳಿಸುವುದಕ್ಕಷ್ಟೇ ಸೀಮಿತವೆಂದು ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿತ್ತು. ಕಂಪನಿಯೇ ಮುಚ್ಚಿಹೋದರೆ ಏನು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ವೈದ್ಯಕೀಯ ವಿಷಯವನ್ನು ನಾವು ಮೊದಲೇ ಓದಿಕೊಂಡು ಹೋಗಿದ್ದೆವು. ಮಗುವಿನ ಸ್ವಂತ ಉಪಯೋಗಕ್ಕೆಂದು ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿಯಾಗಿ ಇಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಈಗಾಗಲೇ ಇರುವ ಹಿರಿಯ ಮಗುವಿಗೆ ಇಂಥ ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ ಇದ್ದಾಗಿನ ಮಾತು ಬೇರೆ. ಥಲಸ್ಸೀಮಿಯಾದಂಥ ರಕ್ತದ ಹುಟ್ಟುಕಾಯಿಲೆಯಾದರೆ ಅದರ ದೋಷ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲೂ ಇರುವುದರಿಂದ ಅದೇ ರಕ್ತ ಅದೇ ಮಗುವಿಗೆ ಔಷಧವಾಗಲಾರದು. ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಇನ್ನೊಂದು ಸಂಗತಿ. ಮಗು ಹುಟ್ಟಿದ ಮೇಲೆ ಒಂದರಿಂದ ಮೂರು ನಿಮಿಷದವರೆಗೆ ಕಾದು ಹೊಕ್ಕುಳಬಳ್ಳಿಗೆ ಕ್ಲಿಪ್ ಹಾಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಕೊಡುತ್ತದೆ, ಏಕೆಂದರೆ ಆ ಹೊತ್ತಿನಲ್ಲಿ ಹರಿದುಬರುವ ರಕ್ತ ಮಗುವಿನ ಮೈಯಲ್ಲಿ ಕಬ್ಬಿಣಾಂಶದ ದಾಸ್ತಾನಾಗುತ್ತದೆ. ಹಾಗೆ ಮೂರು ನಿಮಿಷ ಕಾದರೆ ನಿಮ್ಮ ಚೀಲಕ್ಕೆ ಎಷ್ಟು ರಕ್ತ ಸಿಗುತ್ತದೆ ಎಂದು ನಾನು ಕೇಳಿದಾಗ ಪ್ರತಿನಿಧಿ ಪಕ್ಕದಲ್ಲಿದ್ದ ತಮ್ಮ ಮೇಲಧಿಕಾರಿಯ ಮುಖ ನೋಡಿದರು. ಅವರು, “ಅದನ್ನು ಡಾಕ್ಟರ್ ನೋಡಿಕೊಳ್ತಾರೆ ಮೇಡಂ, ಇವತ್ತು ಬುಕ್ ಮಾಡಿದರೆ ಮಾತ್ರ ಈ ರೇಟು” ಎಂದರು. ಕರಾರುಪತ್ರವನ್ನು ಮಡಚಿ ಅವರ ಕೈಗೇ ಕೊಟ್ಟು ಎದ್ದೆವು.

ಕಾರಿನಲ್ಲಿ ಮಗುವನ್ನು ಕೂರಿಸುವ ಆಸನದ ವಿಚಾರದಲ್ಲಿ ಮಾತ್ರ ಮೇಳದಿಂದ ನಮಗೆ ಬೇರೆಲ್ಲೂ ಸಿಗದ ಪ್ರಯೋಜನವಾಯಿತು. ನನ್ನ ತವರು ಸಕಲೇಶಪುರದ ಕಡೆ. ಬಾಣಂತನಕ್ಕೆ ಅಲ್ಲಿಗೆ ಹೋಗಿಬರುವುದು ಖಂಡಿತ, ಆ ಹೆದ್ದಾರಿಯಲ್ಲಿ ಲಾರಿಗಳ ಓಡಾಟ ಎಷ್ಟೆಂಬುದು ಇಲ್ಲಿಯವರಿಗೆಲ್ಲ ಗೊತ್ತು. ಮಗುವನ್ನು ಅಜ್ಜಿಯ ತೊಡೆಯ ಮೇಲೆ ಮಲಗಿಸಿಕೊಂಡು ಹೋಗುವುದೇ ನಮ್ಮಲ್ಲಿ ರೂಢಿಯಾದರೂ, ಡಿಕ್ಕಿಯಾದ ಕ್ಷಣದಲ್ಲಿ ಯಾರ ಕೈಗೂ ಮಗುವನ್ನು ಹಿಡಿದಿಡುವ ಬಲವಿರುವುದಿಲ್ಲ. 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷತಾ ಆಸನ ಬಳಸದಿದ್ದರೆ 1000 ರೂಪಾಯಿ ದಂಡವೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲೂ ಇದೆ.

ಮಳಿಗೆಯಲ್ಲಿ ಆಸನ ಚೆನ್ನಾಗಿಯೇ ಕಂಡಿತು. ಅದನ್ನು ನಮ್ಮ ಕಾರಿಗೆ ಹಾಕಿ ತೋರಿಸಿ ಎಂದು ನನ್ನ ಪತಿ ಕೇಳಿದಾಗ ಮಾರಾಟಗಾರ ಹುಡುಗ ಸಂತೋಷದಿಂದಲೇ ಹೊತ್ತುಕೊಂಡು ವಾಹನ ನಿಲ್ದಾಣಕ್ಕೆ ಬಂದ. ಎಳೆಮಗುವಿನ ಆಸನ ಕಾರಿನ ಹಿಂಬದಿಗೆ ಮುಖ ಮಾಡಿ ಕೂರಬೇಕು. ನಮ್ಮದು ಹಳೆಯ ಸಣ್ಣ ಕಾರು, ಅದರಲ್ಲಿ ಮಕ್ಕಳ ಆಸನವನ್ನು ಬೆಲ್ಟಿಲ್ಲದೆ ನೇರವಾಗಿ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳಿಲ್ಲ, ಆದ್ದರಿಂದ ಕಾರಿನ ಬೆಲ್ಟನ್ನೇ ಆಸನದ ಸುತ್ತ ತಂದು ಬಿಗಿಯಬೇಕು. ಬೆಲ್ಟನ್ನು ಪೂರ್ತಿ ಎಳೆದರೂ ಅದರ ನಾಲಗೆ ಬಕಲ್ ಮುಟ್ಟಲು ನಾಲ್ಕು ಬೆರಳಿನಷ್ಟು ಸಾಲದೇ ಹೋಯಿತು. ಹುಡುಗ ಆಸನವನ್ನು ಒತ್ತಿ, ವಾಲಿಸಿ, ಮತ್ತೆ ಎಳೆದು ನೋಡಿದ, ಆಗಲಿಲ್ಲ. ಅಂಗಡಿಯಲ್ಲಿ ಪೆಟ್ಟಿಗೆ ನೋಡಿ ಕೊಂಡಿದ್ದರೆ ಇದು ಮನೆಗೆ ಬಂದ ಮೇಲೆ ತಿಳಿಯುತ್ತಿತ್ತು. ಎರಡನೆಯ ಮಾದರಿಗೆ ಬೆಲ್ಟು ಸಾಕಾಯಿತು; ಬಿಗಿದ ಮೇಲೆ ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಆಸನ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದೆಂಬ ಪರೀಕ್ಷೆಯಲ್ಲೂ ಅದು ಗೆದ್ದಿತು. ಮುಂದಿನ ಸೀಟಿಗೆ ಹಾಕಬಹುದೇ ಎಂದು ಕೇಳಿದ್ದಕ್ಕೆ ಹುಡುಗ ಹೂಂ ಎಂದ. ಅದು ಶುದ್ಧ ತಪ್ಪು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಆಸನ ಇಡಲೇಬಾರದು, ಅದು ಬಿಚ್ಚಿಕೊಂಡಾಗ ಹೊಡೆಯುವುದು ನೇರವಾಗಿ ಮಗುವಿನ ತಲೆಯ ಹಿಂದಿನ ಭಾಗಕ್ಕೆ. ಮಾದರಿಯ ಹೆಸರನ್ನು ಬರೆದುಕೊಂಡು, ಹೆರಿಗೆಯ ನಂತರ ತರುತ್ತೇವೆಂದು ಹೇಳಿ ಒಳಗೆ ಬಂದೆವು.

ನೋಂದಣಿ ಮಾಡಿಸಿದ ಗರ್ಭಿಣಿಯರಿಗೆಲ್ಲ ಒಂದು ಉಡುಗೊರೆ ಚೀಲ ಕೊಡುತ್ತಿದ್ದರು. ಅದರಲ್ಲಿ ಎಣ್ಣೆ, ಸೋಪು, ಒರೆಸುವ ಬಟ್ಟೆಗಳ ಜೊತೆಗೆ ಹಾಲಿನ ಪುಡಿಯ ಚಿಕ್ಕ ಪೊಟ್ಟಣ ಮತ್ತು ಹಾಲೂಡಿಸುವ ಬಾಟಲಿ ಇದ್ದವು. ಇವೆರಡನ್ನೂ ಹಾಗೆ ಹಂಚುವಂತಿಲ್ಲ. ಎದೆಹಾಲಿಗೆ ಬದಲಾಗಿ ಕೊಡುವ ಪುಡಿ, ಬಾಟಲಿ, ಶಿಶು ಆಹಾರಗಳ ಜಾಹೀರಾತನ್ನೂ ಉಚಿತ ಮಾದರಿಗಳನ್ನೂ ಪ್ರಚಾರದ ಉಡುಗೊರೆಗಳನ್ನೂ 1992ರ ಕಾಯ್ದೆ, 2003ರ ತಿದ್ದುಪಡಿಯೊಂದಿಗೆ, ನಿಷೇಧಿಸಿದೆ. ಮಾರಾಟಕ್ಕೆ ನಿಷೇಧವಿಲ್ಲ, ಎದೆಹಾಲು ಕೊಡಲಾಗದ ಸಂದರ್ಭದಲ್ಲಿ ವೈದ್ಯರ ಸಲಹೆಯಂತೆ ಪುಡಿ ಬಳಸುವ ತಾಯಂದಿರನ್ನು ಹೀಗಳೆಯುವುದೂ ಸಲ್ಲದು. ಆದರೆ ಹೆರಿಗೆಗೂ ಮೊದಲೇ ಬಸುರಿಯ ಕೈಗೆ ಬಾಟಲಿ ಇಡುವುದರ ಹಿಂದಿನ ಲೆಕ್ಕಾಚಾರ ಬೇರೆ. ಎರಡನ್ನೂ ತೆಗೆದು ಮೇಜಿನ ಮೇಲಿಟ್ಟಾಗ ಸ್ವಯಂಸೇವಕಿ, “ಫ್ರೀ ತಾನೇ ಮೇಡಂ, ಇಟ್ಕೊಳ್ಳಿ” ಎಂದಳು. ಸಂಘಟಕರೊಬ್ಬರನ್ನು ಕರೆಸಿ ಕಾಯ್ದೆಯ ವಿಷಯ ಹೇಳಿದೆ. ಅವರು ವಾದಿಸಲಿಲ್ಲ, ಆ ಪೆಟ್ಟಿಗೆಯನ್ನು ಮೇಜಿನ ಕೆಳಕ್ಕೆ ತಳ್ಳಿಸಿದರು. ನಾವು ಹೋದ ಮೇಲೆ ಅದು ಮತ್ತೆ ಮೇಲೆ ಬಂದಿರಲೂಬಹುದು.

ಬಟ್ಟೆಯ ಮಳಿಗೆಗಳಲ್ಲಿ ಅತ್ತೆಯವರೇ ನಮ್ಮ ಗುರುಗಳು. ಟೋಪಿಯೊಂದನ್ನು ಒಳಹೊರಗು ಮಾಡಿ, ಹೊಲಿಗೆಯ ಅಂಚನ್ನು ತಮ್ಮ ಕೆನ್ನೆಗೆ ಒತ್ತಿ ನೋಡಿ, “ಇದು ಕೂಸಿನ ಕಿವಿ ಮೇಲೆ ಗೀರತ್ತೆ” ಎಂದು ವಾಪಸ್ಸಿಟ್ಟರು. ಹಳೆಯ ನೂಲಿನ ಸೀರೆ ಒಗೆದು ಹರಿದಿಟ್ಟರೆ ಮೊದಲ ತಿಂಗಳಿಗೆ ಅದೇ ಸಾಕೆಂಬ ಅವರ ಮಾತನ್ನು ಅಲ್ಲಿದ್ದ ಯಾವ ವ್ಯಾಪಾರಿಯೂ ಅಲ್ಲಗಳೆಯಲಿಲ್ಲ. ಆದರೆ ತಲೆ ದುಂಡಗಾಗಲೆಂದು ಮಾರುತ್ತಿದ್ದ ಸಾಸಿವೆ ದಿಂಬಿನ ವಿಷಯದಲ್ಲಿ ನಮಗೂ ಅವರಿಗೂ ಒಮ್ಮತವಾಗಲಿಲ್ಲ. ಎಳೆಮಗುವನ್ನು ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ದಿಂಬಿಲ್ಲದೆ ಅಂಗಾತ ಮಲಗಿಸಬೇಕೆಂಬುದು ಮಕ್ಕಳ ತಜ್ಞರ ಮಾತು. ತಲೆಗೆ ಆಕಾರ ಕೊಡುವ ದಿಂಬುಗಳನ್ನು ಬಳಸಬೇಡಿರೆಂದು 2022ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ ಎಚ್ಚರಿಸಿದೆ. ಆ ಚರ್ಚೆ ಮನೆಯಲ್ಲಿ ಇನ್ನೂ ನಡೆದಿದೆ. ಚಕ್ರದ ವಾಕರ್‌ಗಳನ್ನು ನಾವು ಮುಟ್ಟಿಯೂ ನೋಡಲಿಲ್ಲ, ಕೆನಡಾ ದೇಶ 2004ರಲ್ಲೇ ಅವುಗಳ ಮಾರಾಟ ನಿಲ್ಲಿಸಿದೆ.

ಮಂಟಪದ ಊಟದ ಮನೆಯ ಪಕ್ಕದ ಮೂಲೆಯಲ್ಲಿ, ಜನರೇ ಇಲ್ಲದ ಮೇಜೊಂದರ ಹಿಂದೆ, ಒಬ್ಬ ಆಶಾ ಕಾರ್ಯಕರ್ತೆಯೂ ಒಬ್ಬ ಅಂಗನವಾಡಿ ಶಿಕ್ಷಕಿಯೂ ಕುಳಿತಿದ್ದರು. ಇಡೀ ಮೇಳದಲ್ಲಿ ನಮಗೆ ಅತ್ಯಂತ ಉಪಯುಕ್ತವಾದ ಮಾತುಕತೆ ನಡೆದದ್ದು ಅಲ್ಲಿ. ನನ್ನ ತಾಯಿ ಕಾರ್ಡನ್ನು ಪುಟ ಪುಟವಾಗಿ ನೋಡಿ, ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದುದನ್ನು ಬೆರಳಿಟ್ಟು ತೋರಿಸಿ, ಮಾತ್ರೆ ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಆ ಆಶಾ ಅಕ್ಕ ಕೇಳಿದರು. ಬೆಳಗಿನ ತಿಂಡಿಯಾದ ಮೇಲೆ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ನುಂಗಿ ಮೇಲೊಂದು ಲೋಟ ಕಾಫಿ ಕುಡಿಯುತ್ತೇನೆಂದೆ. ಕ್ಯಾಲ್ಸಿಯಂ, ಕಾಫಿ ಎರಡೂ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ, ಎರಡು ಮಾತ್ರೆಗಳ ನಡುವೆ ಕೆಲವು ಗಂಟೆಗಳ ಅಂತರವಿರಲಿ, ಕಬ್ಬಿಣಾಂಶದ್ದನ್ನು ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳಿ ಎಂದು ಅವರು ತಿದ್ದಿದರು. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಇದನ್ನು ಎಷ್ಟು ಬಸುರಿಯರಿಗೆ ಹೇಳಿ ಹೇಳಿ ಅವರಿಗೆ ಸಾಕಾಗಿದೆಯೋ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆಂಬುದೂ, ನಿಗದಿತ ಅರ್ಹತೆ ಇರುವವರಿಗೆ ಮೊದಲ ಮಗುವಿಗೆ ಮಾತೃವಂದನಾ ಯೋಜನೆಯಲ್ಲಿ 5000 ರೂಪಾಯಿ ಸಿಗುತ್ತದೆಂಬುದೂ ನನಗೆ ಸರಿಯಾಗಿ ತಿಳಿದದ್ದು ಅವರಿಂದಲೇ.

ಹನ್ನೆರಡರ ಸುಮಾರಿಗೆ ಪ್ರಸೂತಿ ತಜ್ಞೆಯೊಬ್ಬರ ಉಪನ್ಯಾಸವಿತ್ತು. ಮೈಕಿನ ಕಿರಿಕಿರಿಯಲ್ಲೂ ಅವರು ಒಂದು ವಿಷಯವನ್ನು ಬಿಡದೆ ಒತ್ತಿ ಹೇಳಿದರು: ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ರಕ್ತಸ್ರಾವ, ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಪಟ್ಟಿಯನ್ನು ಬರೆದುಕೊಳ್ಳುತ್ತಿದ್ದವರಲ್ಲಿ ಗಂಡಸರೇ ಹೆಚ್ಚಿದ್ದದ್ದು ನೋಡಿ ನನಗೆ ಹಿತವೆನಿಸಿತು.

ಮೇಳ ಮುಗಿದ ವಾರದಿಂದಲೇ ಆ ಹಳೆಯ ಸಂಖ್ಯೆಗೆ ಕರೆಗಳು ಶುರುವಾದವು. ಹೊಕ್ಕುಳಬಳ್ಳಿಯ ಕಂಪನಿಯವರು, ಅಂದು ಮಾತ್ರ ಎಂದಿದ್ದ ರಿಯಾಯಿತಿಯನ್ನು ಇನ್ನಷ್ಟು ಏರಿಸಿ ತಿಂಗಳ ಕೊನೆಯವರೆಗೆ ವಿಸ್ತರಿಸಿದ್ದೇವೆಂದರು. ನಾವಾದರೋ ಆ ಹಿರಿಯ ನರ್ಸ್ ಇದ್ದ ಆಸ್ಪತ್ರೆಗೆ ಒಂದು ಸಂಜೆ ಹೋಗಿ, ಹೆರಿಗೆಯ ಕೋಣೆಯನ್ನು ಹೊರಗಿನಿಂದ ನೋಡಿ, ರಾತ್ರಿ ಹೊತ್ತು ತೆರೆದಿರುವ ಗೇಟು ಯಾವುದೆಂದು ಕಾವಲುಗಾರನನ್ನು ಕೇಳಿ ತಿಳಿದುಕೊಂಡೆವು. ಹೊಕ್ಕುಳಬಳ್ಳಿಗೆ ಕ್ಲಿಪ್ ಹಾಕುವ ಮೊದಲು ಕಾಯುವ ವಿಷಯವನ್ನು ಅಲ್ಲಿನ ವೈದ್ಯೆಯ ಬಳಿ ಪ್ರಸ್ತಾಪಿಸಿದಾಗ, ಮಗು ಚೆನ್ನಾಗಿ ಅತ್ತರೆ ತಾವು ಹಾಗೆಯೇ ಮಾಡುವುದೆಂದು ಹೇಳಿ, ಅದನ್ನು ನನ್ನ ಕೇಸ್ ಶೀಟಿನಲ್ಲಿ ಬರೆದಿಟ್ಟರು.